ವಾಡೇದ ಹಿತ್ತಲ ಬಾಗಿಲು

ನಾನು ಓದಿದ ಮೊದಲ ನಿಗೂಢ ಕೋಟೆಯ ಕಾದಂಬರಿಗೆ ರಟ್ಟೂ ಇರಲಿಲ್ಲ, ಮೊದಲ ಹತ್ತಿಪ್ಪತ್ತು ಪುಟಗಳೂ ಇರಲಿಲ್ಲ. ನಮ್ಮೂರ ಪಂಚಾಯ್ತಿ ಲೈಬ್ರರಿಯಲ್ಲಿ ಪುಸ್ತಕಗಳು ಹಾಗೇ ಇರುತ್ತಿದ್ದವು. ಬೀಡಿ ಹಚ್ಚೋದಕ್ಕೋ ಶೇಂಗಾ ಕಟ್ಟೋದಕ್ಕೋ ಮೊದಲ ಪುಟಗಳು ಹೋಗಿಬಿಟ್ಟಿರುತ್ತಿದ್ದವು, ಕಥೆ ಅಲ್ಲಿಂದ ಮುಂದಕ್ಕೆ ಶುರು. ಕನ್ನಡಕ್ಕೆ ಇಳಿಸಿದ ಡ್ರಾಕುಲಾ ಅದು. ಇಳಿಸಿದವರು ಯಾರು, ಯಾವ ಊರಿನ ಪ್ರಕಾಶನ ಅನ್ನೋದೆಲ್ಲ ಹರಿದುಹೋದ ಪುಟಗಳ ಜೊತೆಗೇ ಹೋಗಿತ್ತು. ನನಗೆ ಸಿಕ್ಕಾಗ ಜೊನಾಥನ್ ಹಾರ್ಕರ್ ಆಗಲೇ ಕೋಟೆಯ ಒಳಗಿದ್ದ.

ಎಂಟನೇ ಕ್ಲಾಸು. ಬೇಸಿಗೆ ರಜೆ. ಮಧ್ಯಾಹ್ನ ಪಡಸಾಲೆಯಲ್ಲಿ ಮಲಗಿ ಓದುತ್ತಿದ್ದರೆ ಪಕ್ಕದಲ್ಲಿ ಆಯಿ ಜೋಳ ಹಸನು ಮಾಡುತ್ತಿದ್ದಳು. (ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ.) ಅವಳಿಗೆ ಓದು ಬರಲ್ಲ, ಆದರೆ ಯಾರಾದರೂ ಸುಮ್ಮನೆ ತಮ್ಮಷ್ಟಕ್ಕೆ ಓದುತ್ತಿದ್ದರೆ ತಡೆಯೋದೂ ಇಲ್ಲ.

“ಏನ ಓದಾಕತ್ತಿ? ಬಾಯಿ ಬಿಟ್ಟ ಹೇಳ.”

ಹೇಳಿದೆ. ಗುಡ್ಡದ ಮ್ಯಾಲೆ ಒಂದು ದೊಡ್ಡ ವಾಡೆ ಐತಿ, ಅದರಾಗ ಒಬ್ಬ ಮುದುಕ ದೊರಿ ಅದಾನ, ಕೋರ್ಟ್ ಕಾಗದಪತ್ರದ ಕೆಲಸಕ್ಕ ಒಬ್ಬ ಹುಡುಗ ಹೋಗ್ಯಾನ, ಆ ವಾಡೇದಾಗ ಮತ್ತ ಯಾರೂ ಇಲ್ಲ.

“ಯಾರೂ ಇಲ್ಲಂದ್ರ? ಆಳಮಕ್ಕಳು?”

ಇಲ್ಲ ಅಂದೆ. ಆಯಿ ಮೊರ ಕೆಳಗಿಟ್ಟಳು.

“ಹಂಗಾದ್ರ ಕಸಾ ಹೊಡಿಯಾವ್ರ ಯಾರು? ನೀರ ತುಂಬಾವ್ರ ಯಾರು? ಒಬ್ಬ ಮುದುಕ ಅಷ್ಟ ದೊಡ್ಡ ವಾಡೆ ಸಾರಿಸ್ತಾನ? ಸುಳ್ಳ ಬರದಾನ ಬಿಡ.”

ಅವತ್ತು ನನಗೆ ಸಿಟ್ಟು ಬಂದಿತ್ತು. ರಕ್ತ ಕುಡಿಯೋದನ್ನು ನಂಬುತ್ತಾಳೆ, ಗೋಡೆ ಮೇಲೆ ಹಲ್ಲಿಯ ಹಾಗೆ ತಲೆ ಕೆಳಗಾಗಿ ಇಳಿಯೋದನ್ನು ನಂಬುತ್ತಾಳೆ, ಆಳು ಇಲ್ಲ ಅಂದರೆ ನಂಬಲ್ಲ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದು, ಕೆಲಸ ಸಿಕ್ಕ ಮೇಲೆ ಬ್ರಾಮ್ ಸ್ಟೋಕರ್‌ನ 1897ರ ಮೂಲವನ್ನು ಕೊಂಡು ಪೂರ್ತಿ ಓದಿದೆ. ನೋಡಿದರೆ ಸ್ಟೋಕರ್‌ಗೂ ಅದೇ ಅನುಮಾನ! ಹಾರ್ಕರ್‌ಗೆ ಮೊದಲು ಹೆದರಿಕೆ ಹುಟ್ಟಿಸೋದು ಚೂಪು ಹಲ್ಲಷ್ಟೇ ಅಲ್ಲ. ಬಂದಾಗಿನಿಂದ ಒಬ್ಬ ಆಳನ್ನೂ ಕಂಡಿಲ್ಲ ಅನ್ನೋದು ಅವನನ್ನು ಕೊರೆಯುತ್ತದೆ. ಊಟ ಮಾತ್ರ ಹೊತ್ತಿಗೆ ಸರಿಯಾಗಿ ಮೇಜಿನ ಮೇಲಿರುತ್ತದೆ. ಒಂದು ದಿನ ಬಾಗಿಲ ಸಂದಿಯಿಂದ ನೋಡುತ್ತಾನೆ, ಕೌಂಟ್ ಸಾಹೇಬರು ತಾವೇ ಊಟದ ಮೇಜು ಸಿದ್ಧ ಮಾಡುತ್ತಿದ್ದಾರೆ. ಇವನ ಹಾಸಿಗೆ ಸರಿ ಮಾಡಿದ್ದೂ ಅವರೇ. ಹಾಗಾದರೆ ರಾತ್ರಿ ಗಾಡಿ ಓಡಿಸಿಕೊಂಡು ಬಂದವನೂ ಇವನೇ ಅಂತ ಆ ಕ್ಷಣಕ್ಕೆ ಹೊಳೆಯುತ್ತದೆ. ಎದೆ ಝಲ್ ಅನ್ನೋದು ಅಲ್ಲಿ. ಒಬ್ಬ ದೊರೆ ತನ್ನ ಕೈಯಾರೆ ಹಾಸಿಗೆ ಹಾಸುತ್ತಿದ್ದಾನೆ ಅಂದರೆ ಅವನು ಮನುಷ್ಯನಾಗಿರಲು ಸಾಧ್ಯವೇ ಇಲ್ಲ!

ಸಾಫ್ಟ್‌ವೇರ್‌ನವರು ಡ್ರಾಕುಲಾವನ್ನು ಒಮ್ಮೆ ಓದಲೇಬೇಕು, ಅದು ಪಕ್ಕಾ ಆನ್‌ಸೈಟ್ ಕಥೆ. ಹೊಸದಾಗಿ ಪಾಸಾದ ಹುಡುಗ, ಬಾಸ್ ಬರಲಾಗದ್ದಕ್ಕೆ ಇವನನ್ನು ಕಳಿಸಿದ್ದಾರೆ. ಲಂಡನ್ ಹತ್ತಿರ ಒಂದು ಮನೆ ಕೊಳ್ಳೋ ವ್ಯವಹಾರ, ದೂರದ ಕ್ಲೈಂಟ್. ಕ್ಲೈಂಟ್ ಬಹಳ ಮರ್ಯಾದಸ್ಥ, ಇಂಗ್ಲೀಷು ಚೆನ್ನಾಗಿ ಕಲಿತಿದ್ದಾನೆ, ಸೋಫಾದ ಮೇಲೆ ಮಲಗಿ ರೈಲಿನ ವೇಳಾಪಟ್ಟಿ ಓದುತ್ತಿರುತ್ತಾನೆ. ಆಮೇಲೆ, ಇನ್ನೊಂದು ತಿಂಗಳು ಇಲ್ಲೇ ಇರ್ತೀನಿ ಅಂತ ನಿಮ್ಮ ಬಾಸಿಗೆ ಬರೆದುಬಿಡಿ ಅನ್ನುತ್ತಾನೆ. ನನ್ನ ಗೆಳೆಯರಲ್ಲಿ ಮೂರು ಜನಕ್ಕೆ ಇದು ಹೀಗೇ ಆಗಿದೆ, ರಕ್ತದ ವಿಚಾರ ಒಂದನ್ನು ಬಿಟ್ಟು.

ಈ ಕೋಟೆ ಕಾದಂಬರಿಗಳ ಹುಟ್ಟು ಕೂಡ ಮಜವಾಗಿದೆ. 1764ರ ಡಿಸೆಂಬರಿನಲ್ಲಿ ಹೊರಾಸ್ ವಾಲ್‌ಪೋಲ್ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಅಚ್ಚು ಹಾಕಿಸಿದ. ತನ್ನ ಹೆಸರು ಹಾಕಿಕೊಳ್ಳಲಿಲ್ಲ. ಹಳೇ ಮನೆತನವೊಂದರ ಪುಸ್ತಕ ಭಂಡಾರದಲ್ಲಿ ಸಿಕ್ಕ ಇಟಾಲಿಯನ್ ಪುಸ್ತಕದ ಅನುವಾದ ಅಂತ ಸುಳ್ಳು ಹೇಳಿದ. ಮದುವೆಯ ದಿನವೇ ಆಕಾಶದಿಂದ ದೈತ್ಯ ಗಾತ್ರದ ಶಿರಸ್ತ್ರಾಣವೊಂದು ಬಿದ್ದು ಮದುಮಗ ಸಾಯುತ್ತಾನೆ, ಅಲ್ಲಿಂದ ಕಥೆ. ಜನ ಮುಗಿಬಿದ್ದು ಓದಿದರು. ಮರುವರ್ಷ ಎರಡನೇ ಮುದ್ರಣಕ್ಕೆ, ನಾನೇ ಬರೆದದ್ದು ಅಂತ ಒಪ್ಪಿಕೊಂಡ. ಆ ಮುನ್ನುಡಿಯಲ್ಲಿ ಅವನು ಒಂದಷ್ಟು ಜಾಗವನ್ನು ಕೊಟ್ಟಿರೋದು ಕೋಟೆಯ ಆಳುಕಾಳುಗಳ ಬಗ್ಗೆ. ಇಷ್ಟು ಗಂಭೀರ ಕಥೆಯಲ್ಲಿ ಆಳುಗಳು ಹಾಸ್ಯ ಮಾಡಿಕೊಂಡು ಬಡಬಡಿಸೋದು ಸರಿಯಾ ಅನ್ನೋ ಆಕ್ಷೇಪಕ್ಕೆ, ಶೇಕ್ಸ್‌ಪಿಯರ್ ಕೂಡ ಹಾಗೇ ಮಾಡಿದ್ದಾನೆ ಅಂತ ಸಮರ್ಥನೆ. ಅಂದರೆ ಮೊದಲ ಕೋಟೆ ಕಾದಂಬರಿಯಿಂದಲೇ ಒಂದು ತಕರಾರು ಇದ್ದೇ ಇದೆ. ಈ ಆಳುಗಳನ್ನು ಏನು ಮಾಡೋದು?

1794ರಲ್ಲಿ ಆನ್ ರಾಡ್‌ಕ್ಲಿಫ್ ಬರೆದ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೊ’ ಬಗ್ಗೆ ನಾನು ಹೆಚ್ಚು ಹೇಳಲ್ಲ, ನನ್ನ ಕೈಲಿ ಮುಗಿಸೋಕಾಗಲಿಲ್ಲ. ನಾಯಕಿ ಮೂರ್ಛೆ ಹೋಗ್ತಾಳೆ, ಏಳ್ತಾಳೆ, ಬೆಟ್ಟ ನೋಡಿ ಕಣ್ಣೀರು ಹಾಕ್ತಾಳೆ. ಇಟಲಿಯನ್ನು ಕಣ್ಣಾರೆ ನೋಡದೆಯೇ ಆ ಬೆಟ್ಟಗಳನ್ನೆಲ್ಲ ಬರೆದಳು ಅನ್ನೋದಕ್ಕೆ ಮಾತ್ರ ನನ್ನ ನಮಸ್ಕಾರ. ನನಗೆ ಇಷ್ಟವಾದದ್ದು ಆ ಕಾದಂಬರಿಯನ್ನು ಗೇಲಿ ಮಾಡಿದ ಜೇನ್ ಆಸ್ಟಿನ್. ಅವಳು ತೀರಿಕೊಂಡ ವರ್ಷದ, ಅಂದರೆ 1817ರ ಕೊನೆಗೆ ‘ನಾರ್ಥ್ಯಾಂಗರ್ ಆ್ಯಬಿ’ ಹೊರಬಂತು. ಅದರಲ್ಲಿ ಉಡಾಲ್ಫೊ ಓದಿ ತಲೆ ಕೆಡಿಸಿಕೊಂಡ ಹುಡುಗಿ ಹಳೇ ಮನೆಯೊಂದಕ್ಕೆ ಅತಿಥಿಯಾಗಿ ಹೋಗುತ್ತಾಳೆ. ರಾತ್ರಿ, ಗಾಳಿ ಮಳೆ, ಕಪ್ಪು ಬೀರು, ಅದರ ಒಳಗಿನ ಒಳಗಿನ ಖಾನೆಯಲ್ಲಿ ಸುತ್ತಿಟ್ಟ ಹಳೇ ಕಾಗದ. ಅಷ್ಟರಲ್ಲಿ ಮೇಣದ ಬತ್ತಿ ಆರಿಹೋಗುತ್ತೆ. ರಾತ್ರಿಯಿಡೀ ನಿದ್ದೆ ಇಲ್ಲ. ಬೆಳಿಗ್ಗೆ ಬಿಡಿಸಿ ನೋಡಿದರೆ ಬಟ್ಟೆ ಒಗೆದ ಲೆಕ್ಕ! ಇಷ್ಟು ಅಂಗಿ, ಇಷ್ಟು ಕಾಲುಚೀಲ. ಓದುಗರು ನಗುತ್ತಾರೆ, ನಾನೂ ನಕ್ಕೆ. ಆದರೆ ನಮ್ಮೂರ ವಾಡೆಯನ್ನು ನೆನೆಸಿಕೊಂಡು ಆ ಪುಟವನ್ನು ಮತ್ತೊಮ್ಮೆ ಓದಿದಾಗ ನಗು ಬರಲಿಲ್ಲ. ದೊಡ್ಡ ಮನೆಯ ಅಷ್ಟು ಒಳಗಿನ ಖಾನೆಯಲ್ಲಿ ಕಡೆಗೂ ಸಿಗೋದು ಯಾರೋ ಬಟ್ಟೆ ಒಗೆದ ಲೆಕ್ಕ ಅಂದರೆ, ಅದೇನು ಸಣ್ಣ ರಹಸ್ಯ ಅಲ್ಲ.

ಕಾಫ್ಕಾನ ‘ಕೋಟೆ’ಯನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಅದರಲ್ಲಿ ಬರೋದು ಸರ್ವೆಯವನು, ಅವನಿಗೆ ಕೊನೆವರೆಗೂ ಕೋಟೆಯ ಒಳಗೆ ಹೋಗೋಕೇ ಆಗಲ್ಲ. ಅದು ತಾಲೂಕು ಕಚೇರಿಯ ಕಥೆ, ಅದಕ್ಕೇ ಬೇರೆ ಬರೆಯಬೇಕು.

ಕನ್ನಡದಲ್ಲಿ ಇಂಥವು ಯಾಕಿಲ್ಲ ಅಂತ ಆಫೀಸಿನಲ್ಲಿ ಒಬ್ಬ ಕೇಳಿದ. ಮಾನ್ಯತಾ ಟೆಕ್ ಪಾರ್ಕಿನ ಫುಡ್ ಕೋರ್ಟಿನಲ್ಲಿ ಇಂಥ ಪ್ರಶ್ನೆಗಳು ಊಟದ ಮಧ್ಯೆ ಬರುತ್ತವೆ. ನಮ್ಮಲ್ಲಿ ಕೋಟೆಗಳಿಗೆ ಬರವಿಲ್ಲ. ಯಲಹಂಕದಿಂದ ಏರ್‌ಪೋರ್ಟ್ ಕಡೆ ಇನ್ನಷ್ಟು ಹೋದರೆ ದೇವನಹಳ್ಳಿ ಕೋಟೆ, 1501ರಲ್ಲಿ ಮಲ್ಲಬೈರೇಗೌಡ ಮಣ್ಣಿನಲ್ಲಿ ಕಟ್ಟಿಸಿದ್ದು, ಆಮೇಲೆ ಕಲ್ಲಿನದಾಯಿತು. ಮೇಖ್ರಿ ಸರ್ಕಲ್ ಪಕ್ಕದಲ್ಲೇ ಕೆಂಪೇಗೌಡರ ಕಾವಲು ಗೋಪುರ, ದಿನಾ ಸಾವಿರಾರು ಜನ ಅದರ ಪಕ್ಕ ಹಾದುಹೋಗುತ್ತಾರೆ, ಕತ್ತು ತಿರುಗಿಸುವವರು ಕಡಿಮೆ. ಕಾದಂಬರಿಗಳೂ ಇಲ್ಲವೆಂದೇನಿಲ್ಲ. ಬಿ. ವೆಂಕಟಾಚಾರ್ಯರು ಬಂಕಿಮರ 1865ರ ‘ದುರ್ಗೇಶನಂದಿನಿ’ಯನ್ನು 1885ರಲ್ಲೇ ಕನ್ನಡಕ್ಕೆ ತಂದಿದ್ದರು. ಹೆಸರಿನ ಅರ್ಥವೇ ಕೋಟೆಯ ಒಡೆಯನ ಮಗಳು. ತ.ರಾ.ಸು. ಅವರಂತೂ ಚಿತ್ರದುರ್ಗವನ್ನು ಕಲ್ಲು ಕಲ್ಲಾಗಿ ಬರೆದರು. 1982ರ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರೇ ಇರಲಿಲ್ಲ. ಆದರೆ ಅವರ ಕೋಟೆ ನಿಗೂಢ ಅಲ್ಲ, ಅದು ನಮ್ಮದು, ಅದಕ್ಕಾಗಿ ಸಾಯಬೇಕಾದದ್ದು. ಹೆದರಿಕೆ ಇರೋದು ಕೋಟೆಯ ಹೊರಗಿನವನಿಂದ. ಇನ್ನು ನಮ್ಮ ಮನೆಯಿಂದ ಹೆಬ್ಬಾಳದ ಕಡೆ ಬರುವಾಗ ಸಿಗೋ ಜಿಕೆವಿಕೆಯಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಕೆ.ಎನ್. ಗಣೇಶಯ್ಯ ಅವರು ‘ಕನಕ ಮುಸುಕು’, ‘ಕರಿಸಿರಿಯಾನ’ ಬರೆದು ಹಳೇ ಕಲ್ಲುಗಳಿಂದ ರಹಸ್ಯ ತೆಗೆಯೋದು ಹೇಗೆ ಅಂತ ತೋರಿಸಿದರು. ಅವನ್ನು ನಾನು ಬಸ್ಸಿನಲ್ಲಿ ನಿಂತುಕೊಂಡೇ ಓದಿ ಮುಗಿಸಿದ್ದೇನೆ. ಸರ್ಕ್ಯುಲೇಟಿಂಗ್ ಲೈಬ್ರರಿಯ ಕಾಲದವರಿಗೆ ಟಿ.ಕೆ. ರಾಮರಾವ್ ನೆನಪಿರುತ್ತಾರೆ. ‘ದಿಬ್ಬದ ಬಂಗಲೆ’ ಅನ್ನೋ ಹೆಸರೇ ಸಾಕು, ರಾತ್ರಿ ಹಿತ್ತಲಿಗೆ ಹೋಗೋಕೆ ಜೊತೆ ಬೇಕಾಗುತ್ತಿತ್ತು.

ಆದರೆ ನನ್ನ ಲೆಕ್ಕದಲ್ಲಿ ಕನ್ನಡದ ನಿಜವಾದ ನಿಗೂಢ ಅರಮನೆಯ ಕಾದಂಬರಿ ಒಂದೇ. ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’, 1982ರದು. ದುರ್ಗಾಸ್ತಮಾನದ್ದೇ ವರ್ಷ, ಕಾಕತಾಳೀಯ ಇರಬಹುದು. ಒಂದು ಚಿತ್ರದುರ್ಗದ ಪಾಳೇಗಾರನ ಕೋಟೆ ಬೀಳುವ ಕಥೆ, ಇನ್ನೊಂದು ನಮ್ಮ ಕಡೆಯ ದೇಸಾಯಿಯ ಅರಮನೆ ಒಳಗಿನಿಂದ ಕೊಳೆಯುವ ಕಥೆ. ಇದನ್ನು ಟಿ.ಎಸ್. ನಾಗಾಭರಣ ಸಿನಿಮಾ ಕೂಡ ಮಾಡಿದರು. ಇದರಲ್ಲಿ ಎಲ್ಲ ಇದೆ, ಕತ್ತಲ ಅರಮನೆ, ಆಸ್ತಿಯ ಆಸೆ, ಹೊರಗೆ ಹೋಗಲಾಗದ ಹೆಣ್ಣು. ಆದರೆ ಕಥೆ ಹೇಳೋದು ಯಾರು? ಸಿಂಗಾರೆವ್ವನ ಜೊತೆಗಿದ್ದ ಕೆಲಸದಾಕೆ ಶೀನಿಂಗವ್ವ. ಎಮಿಲಿ ಬ್ರಾಂಟೆಯ ‘ವದರಿಂಗ್ ಹೈಟ್ಸ್’ನಲ್ಲಿ (1847) ಕೂಡ ಬಹುಪಾಲು ಕಥೆ ಮನೆಗೆಲಸದ ನೆಲ್ಲಿ ಡೀನ್ ಬಾಯಿಂದಲೇ ಬರುತ್ತೆ, ನಿಜ. ನೆಲ್ಲಿ ಹೇಳುವಾಗ ನನಗೆ ಕಥೆ ಕೇಳುತ್ತದೆ. ಶೀನಿಂಗವ್ವ ಹೇಳುವಾಗ ಆಯಿಯ ದನಿ ಕೇಳುತ್ತದೆ. ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನೂ (1984) ನಾನು ಈ ಸಾಲಿಗೇ ಸೇರಿಸುತ್ತೇನೆ, ವಿಮರ್ಶಕರು ಬೈದರೆ ಬೈಯಲಿ. ಅದರಲ್ಲಿ ರಾತ್ರಿ ದೀಪಗಳು ಆರಿದ ಮೇಲೆ ಜೋತಮ್ಮಗಳು ಕೂತು ತಮ್ಮ ತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುತ್ತವೆ, ಮಂಚ ಕೂಡ ಮಾತಾಡುತ್ತದೆ. ದೊಡ್ಡ ಮನೆಯೊಳಗೆ ಏನು ನಡೀತು ಅಂತ ಗೊತ್ತಿರೋದು ದೀಪಕ್ಕೆ, ಮಂಚಕ್ಕೆ, ಆಳಿಗೆ.

ಈಗ ನಮ್ಮೂರ ವಾಡೆಗೆ ಬರ್ತೀನಿ. ಊರ ಹೆಸರು ಬೇಡ. ಘಟಪ್ರಭೆಯ ದಂಡೆಗೆ ಇಂಥ ಊರುಗಳು ಬೇಕಾದಷ್ಟಿವೆ. ಎತ್ತರದ ಮಣ್ಣಿನ ಗೋಡೆ, ಒಂದು ಮೂಲೆಯಲ್ಲಿ ಅರ್ಧ ಕುಸಿದ ಹುಡೇವು, ಎತ್ತಿನ ಗಾಡಿ ಹೋಗುವಷ್ಟು ದೊಡ್ಡ ಬಾಗಿಲು, ಆ ಬಾಗಿಲಲ್ಲೇ ಮನುಷ್ಯ ಬಗ್ಗಿ ಹೋಗುವಂಥ ದಿಡ್ಡಿ ಬಾಗಿಲು. ನಮ್ಮ ಮನೆಯವರು ಈ ಎರಡರಲ್ಲೂ ಹೋಗುವ ಹಾಗಿರಲಿಲ್ಲ. ನಮಗೆ ಹಿತ್ತಲ ಬಾಗಿಲು. ಆಯಿ ಹತ್ತು ವರ್ಷದವಳಿದ್ದಾಗಿಂದ ಆ ಬಾಗಿಲಲ್ಲಿ ಹೋಗಿ, ಸೆಗಣಿ ಬಳಿದು, ಕಾಳು ಹಸನು ಮಾಡಿ, ಅದೇ ಬಾಗಿಲಲ್ಲಿ ವಾಪಸ್ ಬಂದಿದ್ದಾಳೆ. ಅವಳು ಆ ಊರಿನ ಮಗಳೂ ಹೌದು, ಸೊಸೆಯೂ ಹೌದು. ವಾಡೆಯ ಮುಂಬಾಗಿಲನ್ನು ಒಳಗಿನಿಂದ ನೋಡಿದ್ದಾಳೆ, ದಾಟಿಲ್ಲ.

ನಾವು ಹುಡುಗರಿಗೆ ವಾಡೆ ಅಂದರೆ ದೆವ್ವ. ಅಷ್ಟೊತ್ತಿಗೆ ವಾಡೇದವರು ಬೆಳಗಾವಿ, ಪುಣೆ ಅಂತ ಚದುರಿಹೋಗಿ ಬರೀ ಒಬ್ಬ ಮುದುಕ ಕಾವಲಿದ್ದ. 1974ರ ಭೂಸುಧಾರಣೆಯಲ್ಲಿ ಅವರ ಹೊಲ ಬಹಳಷ್ಟು ಹೋಗಿತ್ತು. ನಮ್ಮಜ್ಜನೂ ಫಾರಂ ನಂಬರ್ ಏಳು ತುಂಬಿಸಿ ಎರಡೂವರೆ ಎಕರೆ ಪಡೆದಿದ್ದ. ಆ ಫಾರಂ ತುಂಬಿಸಲು ಹೋಗುವ ಹಿಂದಿನ ರಾತ್ರಿ ಅವನಿಗೆ ಜ್ವರ ಬಂದಿತ್ತಂತೆ, ಹೆದರಿಕೆಯ ಜ್ವರ. ಇರಲಿ. ದೆವ್ವ ಇದ್ದದ್ದು ವಾಡೆಯ ಹಿಂದಿನ ಅಂಗಳದಲ್ಲಿ, ಹಗೇವಿನ ಹತ್ತಿರ. ಅಮಾವಾಸ್ಯೆ ರಾತ್ರಿ ನೆಲದ ಕೆಳಗಿಂದ “ಹಗ್ಗಾ ಬಿಡ್ರೀ” ಅಂತ ಕೂಗುತ್ತೆ ಅಂತ ಪ್ರತೀತಿ. ನಾವೆಲ್ಲ ಗೋಡೆ ಹತ್ತಿ ಕಿವಿಗೊಟ್ಟು ಕೇಳಿಸಿಕೊಂಡಿದ್ದೀವಿ. ಕೇಳಿದೆ ಅಂತ ಹೇಳದವನು ಅಂಜುಬುರುಕ, ಹಾಗಾಗಿ ಎಲ್ಲರಿಗೂ ಕೇಳುತ್ತಿತ್ತು.

ಹಗೇವು ಗೊತ್ತಿಲ್ಲದವರಿಗೆ ಹೇಳಬೇಕು. ನೆಲದಲ್ಲಿ ತೋಡಿದ ಕಾಳಿನ ಗುಂಡಿ ಅದು. ಬಾಯಿ ಚಿಕ್ಕದು, ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ಕೋಣೆಯಷ್ಟು ದೊಡ್ಡದು. ಸುತ್ತ ಹುಲ್ಲು ಹಾಕಿ ಜೋಳ ತುಂಬಿ, ಮೇಲೆ ಹಾಸುಗಲ್ಲು ಇಟ್ಟು ಮಣ್ಣಿನಿಂದ ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಬೀಳಲ್ಲ. ಹುಳ ಬೀಳದಿರೋದಕ್ಕೆ ಕಾರಣವೂ ಮನುಷ್ಯ ಸಾಯೋದಕ್ಕೆ ಕಾರಣವೂ ಒಂದೇ. ಕಾಳೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ತೀರುತ್ತಾ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಅದು ಗಾಳಿಗಿಂತ ಭಾರ, ಕೆಳಗೇ ಕೂತಿರುತ್ತದೆ. ಅದಕ್ಕೇ ಹಗೇವು ತೆಗೆದ ಮೇಲೆ ಗಾಳಿಯಾಡಲು ಬಿಡಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಬೇಕು. ದೀಪ ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು, ಆರಿದರೆ ಕಾಯಬೇಕು. ಇಷ್ಟೇ. ಇದನ್ನು ಯಾವ ಪುಸ್ತಕವೂ ಇಲ್ಲದೆ ಊರಿಗೆ ಊರೇ ತಿಳಿದಿತ್ತು.

ಮೂರು ವರ್ಷದ ಹಿಂದೆ ಕಾಕಾ ತೀರಿಕೊಂಡ ಮೇಲೆ ಆಯಿಯನ್ನು ಯಲಹಂಕಕ್ಕೆ ಕರಕೊಂಡು ಬಂದೆವು. ಯಶವಂತಪುರ ಸ್ಟೇಷನ್ನಿನಲ್ಲಿ ಇಳಿದಾಗ ಅವಳ ಕೈಲಿ ಒಂದು ಗಂಟು, ಅದರಲ್ಲಿ ಜೋಳದ ಹಿಟ್ಟು. “ನಿಮ್ಮೂರಾಗ ರಾಗಿ ತಿಂತಾರಂತ, ನಂಗ ಒಗ್ಗೂದಿಲ್ಲ.” ನಾವಿರೋದು ಒಂಬತ್ತನೇ ಮಹಡಿ. ನಮ್ಮ ಅಪಾರ್ಟ್‌ಮೆಂಟಿನ ಹೆಬ್ಬಾಗಿಲಿಗೆ ಎರಡು ಗೋಪುರ ಕಟ್ಟಿದ್ದಾರೆ, ತುದಿಯಲ್ಲಿ ಕೋಟೆಯ ತೆನೆಗಳು, ಒಳಗೆ ಟ್ರಾನ್ಸ್‌ಫಾರ್ಮರ್. ಈ ಭಾಗದಲ್ಲಿ ಕ್ಯಾಸಲ್, ಪ್ಯಾಲೇಸ್, ಫೋರ್ಟ್ ಅಂತ ಹೆಸರಿಟ್ಟುಕೊಳ್ಳದ ಅಪಾರ್ಟ್‌ಮೆಂಟು ಕಡಿಮೆ. ಬಂದ ಎರಡನೇ ವಾರ ಆಯಿ ನನ್ನನ್ನು ಕೇಳಿದಳು, ಬಾಂಡೆ ತಿಕ್ಕಾಕ ಬರೋ ಹುಡುಗಿ ನಿಮ್ಮ ಪೆಟ್ಟಿಗ್ಯಾಗ ಯಾಕ ಬರೂದಿಲ್ಲ ಅಂತ. ಪೆಟ್ಟಿಗೆ ಅಂದರೆ ಲಿಫ್ಟು. ಅವರಿಗೆ ಬೇರೆ ಇದೆ ಆಯಿ, ಸರ್ವಿಸ್ ಲಿಫ್ಟು, ಸಾಮಾನು ಗೀಮಾನು ಎಲ್ಲ ಅದರಲ್ಲೇ ಅಂದೆ.

“ಅಂದ್ರ ಹಿತ್ತಲ ಬಾಗಲಾ.”

ಅಷ್ಟೇ ಅಂದಳು. ಮರುದಿನದಿಂದ ಅವಳು ಕೆಳಗೆ ವಾಕಿಂಗಿಗೆ ಹೋಗೋದು ಸರ್ವಿಸ್ ಲಿಫ್ಟಿನಲ್ಲಿ. ಸೆಕ್ಯುರಿಟಿಯವರು ಎರಡು ಸಲ ತಡೆದರು, ಮೂರನೇ ಸಲ ಬಿಟ್ಟುಬಿಟ್ಟರು. ಅಲ್ಲಿ ಅವಳಿಗೆ ಮಾತಾಡೋಕೆ ಜನ ಸಿಕ್ಕರು, ರಾಯಚೂರು, ಯಾದಗಿರಿ ಕಡೆಯ ಹೆಣ್ಣುಮಕ್ಕಳು. ಯಾವ ಫ್ಲಾಟಿನಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ, ಯಾರ ಮನೆಯಲ್ಲಿ ಮುದುಕರಿಗೆ ಹಳಸಿದ್ದು ಕೊಡ್ತಾರೆ, ಎಲ್ಲ ಅವಳಿಗೆ ಗೊತ್ತು. ನನಗೆ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ.

ಒಂದು ಭಾನುವಾರ ಬೆಂಗಳೂರು ಅರಮನೆ ತೋರಿಸಲು ಕರಕೊಂಡು ಹೋದೆ. ಇಂಗ್ಲೆಂಡಿನ ವಿಂಡ್ಸರ್ ಕ್ಯಾಸಲ್ ಮಾದರಿ ಅಂತಾರೆ, ಗೋಪುರ, ತೆನೆ, ಗೋಡೆಯ ಮೇಲೆ ಹಬ್ಬಿದ ಬಳ್ಳಿ, ಕೋಟೆ ಕಾದಂಬರಿಯ ಮುಖಪುಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ಈ ಜಾಗ ಮೊದಲು ರೆವರೆಂಡ್ ಗ್ಯಾರೆಟ್ ಅವರದ್ದಾಗಿತ್ತು, 1849ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಭಗವದ್ಗೀತೆಯನ್ನು ಕನ್ನಡ, ಇಂಗ್ಲೀಷ್ ಸಮೇತ ಅಚ್ಚು ಹಾಕಿಸಿದವರು. ಚಾಮರಾಜೇಂದ್ರ ಒಡೆಯರು ಇನ್ನೂ ಹತ್ತು ವರ್ಷದ ಹುಡುಗರಿದ್ದಾಗ, 1873ರಲ್ಲಿ, ಅವರಿಗಾಗಿ ಇದನ್ನು ಕೊಂಡರು. ಇದನ್ನೆಲ್ಲ ನಾನು ಉತ್ಸಾಹದಲ್ಲಿ ಹೇಳುತ್ತಿದ್ದೆ. ಆಯಿ ಮೆಟ್ಟಿಲ ಹತ್ತಿರದ ಆನೆಯ ತಲೆ ನೋಡಿ ಕೈ ಮುಗಿದಳು. ದರ್ಬಾರ್ ಹಾಲಿನಲ್ಲಿ ಕಿಟಕಿಯ ಬಣ್ಣದ ಗಾಜುಗಳನ್ನು ಎಣಿಸುವವಳ ಹಾಗೆ ನೋಡಿದಳು. ಎಲ್ಲ ಮುಗಿದು ಹೊರಗೆ ಬರುವಾಗ ಕೇಳಿದಳು.

“ಅಡಗಿಮನಿ ತೋರಸಲಿಲ್ಲಲ್ಲ?”

ಬಾಗಿಲಲ್ಲಿ ನಿಂತಿದ್ದವರನ್ನು ಕೇಳಿದೆ. ಅದೆಲ್ಲ ನೋಡೋ ಜಾಗ ಅಲ್ಲ ಸರ್ ಅಂದರು.

ವಾಪಸ್ ಬರುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಎಂದಿನಂತೆ ಗಾಡಿಗಳು ನಿಂತುಬಿಟ್ಟಿದ್ದವು. ಕೆರೆಯ ಕಡೆ ನೋಡುತ್ತಾ ಕೂತಿದ್ದ ಆಯಿಗೆ ನಾನು ಸುಮ್ಮನೆ ಮಾತಿಗೆ ಅಂತ ಕೇಳಿದೆ, ಆಯಿ, ನಮ್ಮ ವಾಡೇದಾಗ ಹಗೇವದ ದೆವ್ವ ಕೂಗತಿತ್ತಲ್ಲ, ನೀ ಕೇಳಿದ್ದೇನ?

ಬಹಳ ಹೊತ್ತು ಮಾತಿಲ್ಲ. ಮುಂದಿನ ಗಾಡಿ ಸರಿದು ನಾನೂ ಒಂದಷ್ಟು ಮುಂದೆ ಹೋಗಿ ಮತ್ತೆ ನಿಂತ ಮೇಲೆ ಹೇಳಿದಳು.

“ಅಂವಾ ನಮ್ಮಣ್ಣ.”

ಆಮೇಲೆ ಹೇಳಿದ್ದನ್ನು ನಾನು ಅವಳ ಮಾತಲ್ಲೇ ಬರೆಯಲಾರೆ, ಅದು ಅಷ್ಟು ಸಾಲಾಗಿ ಬರಲಿಲ್ಲ. ಅಪ್ಪ ಹುಟ್ಟುವ ಹಿಂದಿನ ವರ್ಷ, ಶ್ರಾವಣ. ವಾಡೆಗೆ ಬೀಗರು ಬರುವವರಿದ್ದರು, ಕಾಳು ಬೇಕಿತ್ತು. ಬೆಳಿಗ್ಗೆ ಹಗೇವಿನ ಕಲ್ಲು ಸರಿಸಿದ್ದಾರೆ. ಸಂಜೆತನಕ ಬಿಡಬೇಕು ಅಂತ ಅವಳ ಅಣ್ಣನೇ ಹೇಳಿದ್ದನಂತೆ. ಮಳೆ ಮೋಡ ಕಟ್ಟಿತ್ತು, ನೀರು ಒಳಗೆ ಹೋದರೆ ಕಾಳೆಲ್ಲ ಹಾಳು, ಕಂದೀಲಿಗೆ ಎಣ್ಣೆ ಹಾಕಿ ತರುವಷ್ಟು ಹೊತ್ತಿಲ್ಲ, ಇಳಿ ಅಂದಿದ್ದಾರೆ ಕಾರಕೂನರು. ಇಳಿದ. ಎರಡು ಬುಟ್ಟಿ ಮೇಲೆ ಬಂತು, ಮೂರನೆಯದು ಬರಲಿಲ್ಲ. ಇನ್ನೊಬ್ಬ ಅವನನ್ನು ಎತ್ತಲು ಇಳಿದವನು ಅರ್ಧದಲ್ಲೇ ತಲೆ ತಿರುಗಿ ಹಗ್ಗ ಹಿಡಿದು ಮೇಲೆ ಬಂದ. ಆಮೇಲೆ ಕಂದೀಲು ತಂದರು. ಇಳಿಸಿದರೆ ಆರಿತು. ಎರಡನೇ ಸಲವೂ ಆರಿತು. ಅವನನ್ನು ತೆಗೆಯುವಾಗ ಕತ್ತಲಾಗಿತ್ತು. ಆಯಿ ಆವತ್ತು ಅದೇ ಅಂಗಳದಲ್ಲಿ ಮೊರ ಹಿಡಿದು ಕೂತಿದ್ದಳು, ಮೊದಲ ಎರಡು ಬುಟ್ಟಿಯ ಜೋಳ ಹಸನು ಮಾಡುತ್ತಾ. ಹದಿನೆಂಟೋ ಹತ್ತೊಂಬತ್ತೋ ವಯಸ್ಸು, ಅವಳಿಗೂ ಲೆಕ್ಕ ಗೊತ್ತಿಲ್ಲ. ವಾಡೇದವರು ಮನೆಗೆ ಎರಡು ಚೀಲ ಜೋಳ ಕಳಿಸಿದರಂತೆ. ಹಗೇವಿನ ಕಾಳಿಗೆ ಒಂದು ವಾಸನೆ ಇರುತ್ತದೆ, ಎಷ್ಟು ತೊಳೆದರೂ ಹೋಗದ್ದು.

“ಅದ ಹಗೇವದಾಗಿಂದ. ಮತ್ತೇನ ಮಾಡೂದು, ಉಂಡ್ವಿ.”

ದೆವ್ವ ಕೂಗಿದ್ದು ಕೇಳಿದ್ದೇನು ಅನ್ನೋ ನನ್ನ ಪ್ರಶ್ನೆಗೂ ಉತ್ತರ ಕೊಟ್ಟಳು. ಇಲ್ಲ. ಅವನು ಕೂಗೋ ಪೈಕಿ ಅಲ್ಲ, ಬಹಳ ಮೆತ್ತಗಿನ ಮನುಷ್ಯ. ಮರುವರ್ಷ ಹುಟ್ಟಿದ ಮಗನಿಗೆ ಅವನ ಹೆಸರೇ ಇಟ್ಟಳು. ಅಂದರೆ ನಮ್ಮಪ್ಪನಿಗೆ. ನನ್ನ ಪಾಸ್‌ಪೋರ್ಟಿನಲ್ಲಿ, ಆಫರ್ ಲೆಟರಿನಲ್ಲಿ, ಕೊರಳಲ್ಲಿ ನೇತಾಡುವ ಐಡಿ ಕಾರ್ಡಿನಲ್ಲಿ ನನ್ನ ಹೆಸರಿನ ಜೊತೆ ಇರೋದು ಅದೇ ಹೆಸರು. ಊರ ಹುಡುಗರ ಜೊತೆ ಗೋಡೆ ಹತ್ತಿ ಕಿವಿಗೊಡುವಾಗ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು. ಯಾಕೆ ಹೇಳಲಿಲ್ಲ ಅಂದರೆ, ದೆವ್ವಾ ಅಂತ ಅಂತಿದ್ರಿ, ನಾ ಏನ ಹೇಳ್ಲಿ ಅಂದರು.

ಆಮೇಲೆ ನಾನು ಕೋಟೆ ಕಾದಂಬರಿಗಳನ್ನು ಓದೋದು ಬಿಟ್ಟಿಲ್ಲ, ಓದುವ ರೀತಿ ಸ್ವಲ್ಪ ಬೇರೆಯಾಗಿದೆ. ನೆಲಮಾಳಿಗೆಯಿಂದ ನರಳುವ ಸದ್ದು ಬಂತು ಅಂತ ಬಂದ ಕೂಡಲೇ, ಆ ನೆಲಮಾಳಿಗೆಯಲ್ಲಿ ಏನಿಡುತ್ತಿದ್ದರು, ಇಳಿಯುವವರು ಯಾರು, ಅವರಿಗೆ ಎಷ್ಟು ಕೂಲಿ ಅಂತ ಹುಡುಕುತ್ತೇನೆ. ಬಹಳ ಸಲ ಸಿಗಲ್ಲ. ಕೊನೆಯಲ್ಲಿ ದೆವ್ವ ಯಾರೆಂದು ಗೊತ್ತಾಗುವಾಗ ಹೆಚ್ಚಾಗಿ ಅದು ಕೊಲೆಯಾದ ನಿಜವಾದ ವಾರಸುದಾರನೋ, ಕೂಡಿಹಾಕಿದ ಹೆಂಡತಿಯೋ ಆಗಿರುತ್ತಾರೆ. ದೆವ್ವ ಆಗೋದಕ್ಕೂ ಆಸ್ತಿ ಬೇಕು. ‘ಆಪ್ತಮಿತ್ರ’ದ ನಾಗವಲ್ಲಿ ಇದಕ್ಕೆ ಹೊರತು, ಅವಳು ನಾಟ್ಯದವಳು. ಅದಕ್ಕೇ ಆ ಸಿನಿಮಾ ನಮ್ಮೂರ ಟೆಂಟಿನಲ್ಲಿ ಅಷ್ಟು ದಿನ ಓಡಿತೇನೋ.

ಕಳೆದ ವರ್ಷ ವಾಡೆಯ ಮೊಮ್ಮಗ ಫೋನ್ ಮಾಡಿದ. ಹೈಸ್ಕೂಲಲ್ಲಿ ಒಂದು ವರ್ಷ ನಮ್ಮ ಜೊತೆ ಓದಿದ್ದ, ಒಳ್ಳೆಯವನೇ. ವಾಡೆಯನ್ನು ರಿಪೇರಿ ಮಾಡಿಸಿ ಹೆರಿಟೇಜ್ ಹೋಮ್‌ಸ್ಟೇ ಮಾಡುತ್ತಿದ್ದ. ತೊಲೆ, ಕಂಬ, ಬೆಳಕಿಂಡಿ ಎಲ್ಲ ಹಾಗೇ ಉಳಿಸಿದ್ದಾನೆ, ಫೋಟೋ ಕಳಿಸಿದ, ನಿಜಕ್ಕೂ ಚೆಂದ ಇದೆ. “ನೀ ಬರೀತಿ ಅಂತ ಕೇಳೀನಿ. ವಾಡೇದ ಇತಿಹಾಸ ಒಂದೆರಡು ಪುಟ ಬರದ ಕೊಡಲ್ಲಾ. ಆ ದೆವ್ವದ ಕಥಿ ಬೇಕ ಬೇಕ. ಬೆಂಗಳೂರವ್ರಿಗೆ ಅದ ಭಾಳ ಸೇರತೈತಿ.”

ಬರೆದುಕೊಟ್ಟೆ. ದೇಸಗತಿ ಯಾವಾಗಿಂದ, ಹುಡೇವು ಯಾಕೆ ಕಟ್ಟಿದ್ದು, ಹಗೇವು ಅಂದರೇನು, ಕಂದೀಲು ಇಳಿಸೋದು ಯಾಕೆ. ಕೊನೆಗೆ ಒಂದು ಪ್ಯಾರಾದಲ್ಲಿ ಆಯಿಯ ಅಣ್ಣನ ವಿಚಾರ, ಹೆಸರು ಸಮೇತ. ಅವರ ಅಜ್ಜನ ಬಗ್ಗೆಯಾಗಲಿ ಕಾರಕೂನರ ಬಗ್ಗೆಯಾಗಲಿ ಒಂದು ಕೆಟ್ಟ ಮಾತು ಬರೆಯಲಿಲ್ಲ. ಎರಡು ದಿನ ಬಿಟ್ಟು ಅವನ ವಾಯ್ಸ್ ಮೆಸೇಜು ಬಂತು. ಭಾಳ ಚಲೋ ಬರದೀ ದೋಸ್ತಾ, ಆದ್ರ ಕೊನೀ ಪ್ಯಾರಾ ಗೆಸ್ಟ್‌ಗಳಿಗೆ ಒಂಥರಾ ಆಗತೈತಿ, ದೆವ್ವ ಇರಲಿ, ಹೆಣ ಬ್ಯಾಡ ಅಂದ. ಅದನ್ನು ತೆಗೆಯೋದಾದರೆ ಉಳಿದದ್ದನ್ನೂ ತೆಗಿ ಅಂದೆ. ತೆಗೆದ. ಬೇರೆ ಯಾರ ಕೈಲೋ ಬರೆಸಿದ್ದಾನೆ. ಅದರಲ್ಲಿ ಹಗೇವಿನ ದೆವ್ವ ಒಬ್ಬ ರಾಜಕುಮಾರಿಯದ್ದು.

ಹಗೇವು ಈಗ ಇಲ್ಲ. ಗೆಸ್ಟ್‌ಗಳ ಮಕ್ಕಳು ಬಿದ್ದಾರು ಅಂತ ಮುಚ್ಚಿಸಿ ಮೇಲೆ ಹುಲ್ಲು ಬೆಳೆಸಿ ಎರಡು ಜೋಕಾಲಿ ಹಾಕಿದ್ದಾನೆ. ಆ ಫೋಟೋವನ್ನು ಆಯಿಗೆ ತೋರಿಸಿದೆ. ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಮುಚ್ಚುವ ಮುಂಚೆ ಒಳಗಿದ್ದ ಹಳೇ ಹುಲ್ಲು ಕಲ್ಲು ತೆಗೆಯಲು ಆಳುಗಳನ್ನು ಇಳಿಸಿದ್ದರಂತೆ ಅಂತ ಮಾತಿಗೆ ಹೇಳಿದೆ.

ಫೋನು ನನ್ನ ಕೈಗೆ ಕೊಟ್ಟಳು.

“ಮೊದಲ ದೀಪಾ ಇಳಿಸಿದ್ರಂತೇನು? ಕೇಳ ಅವನ್ನ.”